ಏಳು ಜನ ಹಿಡಿದ ಬಾಳೆಹಣ್ಣು

ಒಂದು ಬಾಳೆಹಣ್ಣನ್ನು ಒಮ್ಮೆಗೆ ಎಷ್ಟು ಜನ ಹಿಡಿಯಬಹುದು?

ಏಳು ಜನ. ಅಂದಾಜಲ್ಲ, ಅನುಭವ. ಏಳನೆಯವನು ನಾನೇ. ನನ್ನ ಪಾಲಿಗೆ ಬಂದದ್ದು ತೊಟ್ಟು.

ಕಳೆದ ಗುರುವಾರ ಗಂಗಾವತಿಯ ನಮ್ಮ ಸೇವಾ ಬಳಗದ ಅಧ್ಯಕ್ಷರ ಹುಟ್ಟುಹಬ್ಬ. ಅವರದು ರೈಸ್ ಮಿಲ್. ಮನಸ್ಸೂ ಗೋದಾಮಿನಷ್ಟೇ ದೊಡ್ಡದು. ನಮ್ಮ ಕಡೆ ಹುಟ್ಟುಹಬ್ಬ ಎಂದರೆ ಗೊತ್ತಲ್ಲ, ಆಸ್ಪತ್ರೆಗೆ ಹೋಗಿ ರೋಗಿಗಳಿಗೆ ಹಣ್ಣು-ಬ್ರೆಡ್ ಹಂಚಬೇಕು. (ಹುಟ್ಟಿದವರು ಅವರು, ತಿನ್ನಬೇಕಾದವರು ಇವರು.) ಬ್ಯಾನರ್ ಹಿಡಿಯಲು ಇಬ್ಬರು, ಬುಟ್ಟಿಗೆ ಒಬ್ಬ, ಫೋಟೋಕ್ಕೆ ಒಬ್ಬ. ಉಳಿದ ನಾವೆಲ್ಲ ಸೇವೆಗೆ.

ಹೆಂಗಸರ ವಾರ್ಡಿನಲ್ಲಿ ಕಿಟಕಿ ಪಕ್ಕದ ಮಂಚಕ್ಕೆ ಬೆಳಕು ಚೆನ್ನಾಗಿದೆ ಎಂದು ತೀರ್ಮಾನವಾಯಿತು. ರೋಗಿಯನ್ನು ಆರಿಸುವುದು ಹೀಗೇ ಅಲ್ಲವೇ? ಅಲ್ಲಿ ನವಲಿಯ ಈರಮ್ಮಜ್ಜಿ ಮಲಗಿದ್ದಳು. ಗದ್ದೆಯ ಬದುವಿನ ಮೇಲೆ ಜಾರಿ ಬಿದ್ದು ತೊಡೆಯ ಎಲುಬು ಮುರಿದಿತ್ತು. ವಯಸ್ಸಾದ ಹೆಂಗಸೊಬ್ಬರು ಕೆಳಗೆ ಕುಳಿತು ಅಜ್ಜಿಯ ಕಾಲುಗುರು ಕತ್ತರಿಸುತ್ತಿದ್ದರು. ಫ್ರೇಮಿಗೆ ಅಡ್ಡ. "ಸ್ವಲ್ಪ ಸರೀರಿ ಅಕ್ಕಾರ" ಎಂದು ಅವರನ್ನು ಸರಿಸಿದೆವು.

ಬಾಳೆಹಣ್ಣು ಮುಂದೆ ಬಂತು. ಏಳು ಕೈಗಳು ಕೂಡಿದವು. ಫೋಟೋದವನು, "ಯಮ್ಮಾ, ಸುಲಿದು ಒಂದ್ ತುತ್ತ ಬಾಯಾಗ ಇಟ್ಕೋ. ನ್ಯಾಚುರಲ್ ಬರ್ತೈತಿ" ಎಂದ.

ಅಜ್ಜಿ ಒಮ್ಮೆ ನಮ್ಮನ್ನೂ ಒಮ್ಮೆ ಹಣ್ಣನ್ನೂ ನೋಡಿದಳು. "ದೊಡ್ಡವರು ಕೊಡಾಕತ್ತಾರ, ಒಲ್ಲೆ ಅಂದ್ರ ಹೆಂಗ" ಎಂದು ಸಿಪ್ಪೆ ಸುಲಿದೇಬಿಟ್ಟಳು. ಹಣ್ಣು ತುಟಿಯ ಹತ್ತಿರ ಹೋಗಿತ್ತು. ಅಷ್ಟರಲ್ಲಿ ಆ ಹೆಂಗಸು ಎದ್ದು ಅಜ್ಜಿಯ ಕೈ ಹಿಡಿದರು.

"ತಡೀರಿ ಅಣ್ಣಾರ. ಆಕಿಗೆ ಹನ್ನೊಂದಕ್ಕ ಆಪರೇಷನ್ ಐತ್ರಿ. ಹೊಟ್ಟ್ಯಾಗ ಏನೂ ಇರಬಾರ್ದಂತ ಡಾಕ್ಟ್ರು ಹೇಳ್ಯಾರ. ಇವತ್ತು ತಪ್ಪಿದ್ರ ಮುಂದಿನ ಗುರುವಾರನ. ಅಲ್ಲೀತನಕ ಹಿಂಗ ನರಳಬೇಕೇನ್ರಿ?"

ಫೋಟೋದವನು ಕ್ಯಾಮೆರಾ ಕೆಳಗಿಳಿಸಿದ. ನಮ್ಮ ಅಧ್ಯಕ್ಷರು ಮಾತ್ರ ಸಮಸ್ಯೆ ಬಗೆಹರಿಸುವುದರಲ್ಲಿ ಪಳಗಿದವರು. "ಹಂಗಾದ್ರ ತಿನ್ನೂದು ಬ್ಯಾಡ. ಬೇರೆ ಹಣ್ಣು ಕೊಡ್ರಿ, ಬರೇ ಹಿಡಕೊಳ್ಳಲಿ."

ಹಿಡಿದಳು. ಫೋಟೋ ಆಯಿತು.

ಹೊರಗೆ ಬರುವಾಗ ಬಳಗದ ಗೆಳೆಯರೊಬ್ಬರು ಕಿವಿಯಲ್ಲಿ ಊದಿದರು: "ಆಕಿ ಕರುಣಮ್ಮ ಅಂತ. ಇಲ್ಲೇ ಆಯಾ ಇದ್ಲು, ರಿಟೈರ್ ಆಗ್ಯಾಳ. ಕ್ರಿಶ್ಚಿಯನ್ ಅದಾಳ್ರಿ. ಸುಮ್ನ ಬರ್ತಾಳೇನು? ಏನರ ಇರ್ತೈತಿ."

ಇರಲೇಬೇಕು. ಯಾರಾದರೂ ಸುಮ್ಮನೆ ಇನ್ನೊಬ್ಬರ ಕಾಲು ಮುಟ್ಟುತ್ತಾರೆಯೇ? ನಾವಾದರೆ ಅಪ್ಪಟ ನಿಸ್ವಾರ್ಥಿಗಳು. ನಮ್ಮದೇನಿದ್ದರೂ ಬರೀ ಬ್ಯಾನರ್.

ಆದರೂ ಕುತೂಹಲ ತಡೆಯಲಿಲ್ಲ. ವಾಪಸ್ ಹೋಗಿ ಕೇಳಿಯೇಬಿಟ್ಟೆ: "ಅಕ್ಕಾರ, ಇದರಾಗ ನಿಮಗೇನ್ ಸಿಗ್ತೈತ್ರಿ?"

ಕರುಣಮ್ಮ ತಲೆಯೆತ್ತಲಿಲ್ಲ. "ನಮ್ಮನಿಯವರು ತೀರ್ಕೊಂಡ್ರು, ನೌಕರೀನೂ ಮುಗೀತು. ಮನ್ಯಾಗ ಕುಂತ್ರ ಗ್ವಾಡಿ ನೋಡೂದೊಂದ ಕೆಲಸ. ಒಂದ್ ಐತಾರ ಚರ್ಚಿನ್ಯಾಗ, ಯೇಸುಸ್ವಾಮಿ ಶಿಷ್ಯರ ಕಾಲು ತೊಳದದ್ದು ಹೇಳಿದ್ರು. ಅಷ್ಟು ದೊಡ್ಡಾವ ಕಾಲು ತೊಳದಾನ, ನಾ ಉಗುರರ ತಗೀಲಿ ಅಂತ ಬಂದೆ. ಈಗ ಮನಿಗೆ ಹೋದ್ರ ರೊಟ್ಟಿ ರುಚಿ ಹತ್ತತೈತ್ರಿ. ಅಷ್ಟ."

ಆಮೇಲೆ ನಿಜವಾಗಿಯೂ ತಿಳಿದುಕೊಳ್ಳುವವರ ಹಾಗೆ ಕೇಳಿದರು: "ನಿಮಗ ಹಣ್ಣು ಹಂಚಿದ ಮ್ಯಾಲ ಹತ್ತತೈತೇನ್ರಿ?"

ಅಂದು ಅಧ್ಯಕ್ಷರ ಮನೆಯಲ್ಲಿ ಹೋಳಿಗೆ. ತುಪ್ಪ ಕೈ ಬಿಚ್ಚಿ ಬಡಿಸಿದ್ದರು. ರುಚಿ ಹತ್ತಲಿಲ್ಲ. (ಬೆಲ್ಲ ಕಡಿಮೆಯಾಗಿರಬೇಕು ಎಂದುಕೊಂಡೆ.)

ಅಜ್ಜಿಯ ಆಪರೇಷನ್ ಹನ್ನೊಂದಕ್ಕೇ ಆಯಿತು. ಪೇಪರಿನಲ್ಲಿ ನಮ್ಮ ಫೋಟೋವೂ ಬಂತು.

ಶನಿವಾರ ಒಬ್ಬನೇ ವಾರ್ಡಿಗೆ ಹೋದೆ. ಯಾಕೆ? ಗೊತ್ತಿಲ್ಲ, ಹೋಳಿಗೆಯ ವಿಷಯ ಮನಸ್ಸಿನಲ್ಲಿ ಉಳಿದಿತ್ತು. ಕರುಣಮ್ಮ ನನ್ನನ್ನು ನೋಡಿದ್ದೇ ನೇಲ್ ಕಟರ್ ಕೈಗಿಟ್ಟರು. "ಬರ್ರಿ ಅಣ್ಣಾರ, ಆವತ್ತು ಅರ್ಧಕ್ಕ ಉಳದೈತಿ. ಮುರದ ಕಾಲು ನಂದು, ಛಲೋ ಕಾಲು ನಿಮ್ಮದು." ನನ್ನ ಮೇಲೆ ಅಷ್ಟೇ ನಂಬಿಕೆ.

ಕುಳಿತೆ. ಗದ್ದೆಯ ಕೆಸರು ಇಳಿದು ಕಲ್ಲಾದ ಉಗುರು. ಐದು ಬೆರಳಿಗೆ ಬೆವರು ಬಂತು. ಅಜ್ಜಿ, "ಹಗೂರಕಪಾ, ಅದು ಕಾಲು, ಕಬ್ಬಲ್ಲ" ಎಂದಳು. ಮುಗಿಸಿ ಎದ್ದಾಗ ಎದೆ ಹಗುರವಾಗಿತ್ತು. ನಾಚಿಕೆಯಾಗುವಷ್ಟು ಖುಷಿ. ಕ್ಯಾಮೆರಾ ಇರಲಿಲ್ಲ, ಆದರೂ ಮುಖ ನಗುತ್ತಿತ್ತು.

ಆಗ ಅಜ್ಜಿ ನನ್ನನ್ನು ನಿಟ್ಟಿಸಿ ನೋಡಿದಳು. "ನೀವು ಬಾಳಿಹಣ್ಣಿನ ಸಾಹೇಬ್ರಲ್ಲೇನ್ರಿ? ಈಗ ಡಾಕ್ಟ್ರು ತಿನ್ನು ಅಂದಾರ. ಕೊಡ್ರಿ ಮತ್ತ."

ಜೇಬು ತಡಕಿದೆ. ಮೊಬೈಲ್ ಮಾತ್ರ ಇತ್ತು.

ತಪ್ಪು ನನ್ನದೇ? ಫೋಟೋ ಇಲ್ಲದ ದಿನವೂ ಬಾಳೆಹಣ್ಣು ಒಯ್ಯಬೇಕು ಎಂದು ನಮ್ಮ ಬಳಗದಲ್ಲಿ ಯಾರಾದರೂ ಹೇಳಿಕೊಟ್ಟಿದ್ದರೇ?