ಚೀಟಿಯಲ್ಲಿ ಬರೆದ ‘ನಿರ್ಲಕ್ಷ್ಯ’

ವರ್ತೂರಿನ ಆಸ್ಪತ್ರೆಯಲ್ಲಿ ನಾನು ತರಬೇತಿ ನೀಡುತ್ತಿದ್ದ ಕಿರಿಯ ವೈದ್ಯರೊಬ್ಬರು, ಯಾದಗಿರಿಯಿಂದ ಬಂದ ಗಾರೆ ಕೆಲಸದಾಕೆಯ ಚೀಟಿಯಲ್ಲಿ ‘ನಿರ್ಲಕ್ಷ್ಯ’ ಎಂದು ಬರೆದರು. ಸಕ್ಕರೆ ಕಾಯಿಲೆಯಿಂದ ಪಾದ ಕೊಳೆಯುತ್ತಿದ್ದರೂ ಆಕೆ ಗಾಯ ತೋರಿಸಲು ಹೇಳಿದ್ದ ಮೂರು ಬುಧವಾರ ತಪ್ಪಿಸಿ, ನಾಲ್ಕನೆಯದಕ್ಕೆ ಕುಂಟುತ್ತ ಬಂದಿದ್ದಳು. ಕಾರಣವನ್ನು ನಾನೇ ಕೇಳಿದೆ.

“ಐತ್ವಾರ ಒಂದ ಸೂಟಿ ರೀ ಸಾಹೇಬ್ರ. ಉಳಿದ ದಿನ ತಪ್ಪಿಸಿದ್ರ ಮೇಸ್ತ್ರಿ ನಾಳಿಂದ ಬರಬ್ಯಾಡ ಅಂತಾನ್ರಿ.”

ಹಾಗಾದರೆ ಭಾನುವಾರವೇ ನೋಡೋಣವೆಂದೆ. ವೈದ್ಯರು ಬೆಚ್ಚಿಬಿದ್ದರು.

“ನಮ್ಗಿರೋದೇ ಒಂದು ಸಂಡೇ ಸಾರ್! ನಾವೂ ಮನುಷ್ಯರಲ್ವಾ?”

ಆ ಮಾತನ್ನು ಅಕ್ಷರ ಬಿಡದೆ ಅವರ ತರಬೇತಿ ಪುಸ್ತಕದಲ್ಲಿ ಬರೆದು, ಕೆಳಗೆ ‘ನಿರ್ಲಕ್ಷ್ಯ’ ಎಂದು ಷರಾ ಹಾಕಿದೆ. ಅವರು ನನ್ನ ಮೇಲೆ ದೂರು ಕೊಟ್ಟರು. ಆದರೂ ಪ್ರತಿ ಭಾನುವಾರ ಬಂದು, ಮುಖ ಊದಿಸಿಕೊಂಡೇ ಗಾಯ ತೊಳೆದರು. ಹಲವು ವಾರಗಳ ಬಳಿಕ ಪಾದ ಉಳಿಯಿತು, ಕಿರುಬೆರಳು ಉಳಿಯಲಿಲ್ಲ. ಚೀಟಿಯ ‘ನಿರ್ಲಕ್ಷ್ಯ’ವನ್ನು ಅವರೇ ಹೊಡೆದುಹಾಕಿ ‘ರಜೆಯಿಲ್ಲ’ ಎಂದು ತಿದ್ದಿದರು. ದೂರನ್ನು ಮಾತ್ರ ಹಿಂತೆಗೆದುಕೊಳ್ಳಲಿಲ್ಲ. ಅದರ ಪ್ರತಿ ನನ್ನಲ್ಲಿದೆ.