ಆಯಿಯ ತಂಬಿಗೆಯ ನೆಗ್ಗು

ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆಯ ಹುಳಿವಾಸನೆ ಮೂಗಿಗೆ ಬಡಿದರೆ ಸಾಕು, ನನ್ನ ಹೆಬ್ಬೆರಳು ತಾನಾಗಿ ಒಂದು ನೆಗ್ಗನ್ನು ಹುಡುಕತೊಡಗುತ್ತದೆ. ಅದು ನಮ್ಮ ಆಯಿಯ, ಅಂದರೆ ತಂದೆಯ ತಾಯಿಯ, ತಂಬಿಗೆಯಲ್ಲಿದ್ದ ನೆಗ್ಗು. ನಾನು ಹುಟ್ಟುವ ಮೊದಲೇ ಆಯಿಯ ಕಣ್ಣು ಹೋಗಿದ್ದವು. ಆದರೆ ಚಿತ್ತಾಪುರದ ಆ ಮನೆಯಲ್ಲಿ ಆಕೆಯನ್ನು ಕುರುಡಿ ಎನ್ನುವ ಧೈರ್ಯ ಯಾರಿಗಿತ್ತು? ಪಡಸಾಲೆಯ ಫರಸಿ ಕಲ್ಲು ಎಲ್ಲೆಲ್ಲಿ ಸವೆದಿದೆ ಎಂಬುದು ಆಕೆಯ ಅಂಗಾಲಿಗೆ ಗೊತ್ತಿತ್ತು. ನಾವು ಬೆಲ್ಲ ಕದ್ದರೆ ಡಬ್ಬಿಯ ಮುಚ್ಚಳ ಸವರಿ, "ಇದ್ಯಾರ್ ತಗದಾರ? ನಾ ಹಿಂಗ ಮುಚ್ಚಂಗಿಲ್ಲ" ಎನ್ನುತ್ತಿದ್ದಳು. ಲಗ್ನದಲ್ಲಿ ತವರಿನವರು ಕೊಟ್ಟ ಆ ತಂಬಿಗೆ ಎಂದೋ ಬಾವಿಯ ಕಲ್ಲಿಗೆ ಬಡಿದು ಹೊಟ್ಟೆ ನೆಗ್ಗಿತ್ತು. ಹೆಬ್ಬೆರಳನ್ನು ಅಲ್ಲೇ ಊರಿ ನೀರು ಕುಡಿಯುವಳು. ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ನನಗೊಬ್ಬಳಿಗೆ ಸಲಿಗೆ, ನನ್ನ ಬೆರಳನ್ನೂ ಹಿಡಿದು ಆ ನೆಗ್ಗಿನಲ್ಲಿ ಊರಿಸುತ್ತಿದ್ದಳು.

ನಿಜಾಮನ ಆಳ್ವಿಕೆಯ ಕೊನೆಯ ಗದ್ದಲದ ವರ್ಷ ನಾವು ಊರು ಬಿಡಬೇಕಾಯಿತು. "ಆಯಿ ತಂಬಗಿ ನೀ ಹಿಡ್ಕೊ" ಎಂದು ಅವ್ವ ನನ್ನ ಕೈಗೆ ಕೊಟ್ಟಳು. ನಾನೋ, ಚಪ್ಪಲಿ ಮೆಟ್ಟಲು ಅದನ್ನು ಬಾಗಿಲ ಕಟ್ಟೆಯ ಮೇಲಿಟ್ಟವಳು ಅಲ್ಲೇ ಮರೆತು ಬಂಡಿ ಹತ್ತಿದೆ. ಒಂಬತ್ತು ವರ್ಷದ ಹುಡುಗಿ ಎಂದು ನೀವು ಕ್ಷಮಿಸಬಹುದು, ನಾನು ಕ್ಷಮಿಸಿಕೊಂಡಿಲ್ಲ. ಶಹಾಬಾದದಲ್ಲಿ ರೈಲು ಹತ್ತಿ ಸೊಲ್ಲಾಪುರದ ಒಂದು ಧರ್ಮಶಾಲೆ ಸೇರಿದೆವು. ಆಯಿ ತಂಬಿಗೆ ಕೇಳಿದಾಗಲೆಲ್ಲ "ಗಂಟಿನ್ಯಾಗ ಅದ" ಎಂದು ಸುಳ್ಳು ಹೇಳಿದೆ. ಅಲ್ಲಿ ಏನು ಮುಟ್ಟಿದರೂ ಬೇರೆಯವರದು. ಆಯಿ ಗೋಡೆ ಹಿಡಿದು ಕೂತುಬಿಟ್ಟಳು. "ಈಗ ನೋಡವ್ವ, ನನ್ನ ಕಣ್ಣ ಹೋದ್ವು" ಎಂದಳು.

ಆ ಮಾತು ತಡೆಯಲಾರದೆ, ಯಾರೋ ಪುಣ್ಯಾತ್ಮರು ಕೊಟ್ಟಿದ್ದ ತಂಬಿಗೆಯನ್ನು ಹಿತ್ತಿಲಿಗೆ ಒಯ್ದು ಕಲ್ಲಿನಿಂದ ಕುಟ್ಟಿ ನೆಗ್ಗಿಸಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿ, "ಆಯಿ, ನಿನ್ನ ತಂಬಗಿ ಸಿಕ್ತು" ಎಂದು ಕೈಗಿಟ್ಟೆ. ಆಕೆಯ ಹೆಬ್ಬೆರಳು ನೆಗ್ಗಿನ ಅಂಚಿಗುಂಟ ಒಮ್ಮೆ ಹೋಗಿ ನಿಂತಿತು. "ಹೌದವ್ವ, ಇದೇ" ಎಂದು ನನ್ನ ತಲೆ ಸವರಿದಳು. ನಾನು ಹಿಗ್ಗಿಹೋದೆ. ಅದರಲ್ಲೇ ನೀರು ಕುಡಿದಳು, ಆದರೆ ಎರಡೂ ಅಂಗೈಯಲ್ಲಿ ಹಿಡಿದು. ಹೆಬ್ಬೆರಳು ಮತ್ತೆಂದೂ ಆ ನೆಗ್ಗಿಗೆ ಹೋಗಲಿಲ್ಲ. ಹದಿನೈದು ದಿನದಲ್ಲಿ ತೀರಿಹೋದಳು. ನಾವು ಊರಿಗೆ ಮರಳಿದಾಗ ಕಟ್ಟೆ ಬರಿದಾಗಿತ್ತು.

ಆ ಸುಳ್ಳು ತಂಬಿಗೆ ಇನ್ನೂ ನನ್ನ ಬಳಿ ಇದೆ. ಅದರ ನೆಗ್ಗಿನ ಅಂಚು ಚೂಪು. ಆಯಿಯದು ಸವೆದು ನುಣುಪಾಗಿತ್ತು ಎಂದು ಬಾಯಲ್ಲಿ ಹೇಳಬಲ್ಲೆ, ಅಷ್ಟೆ. ಕಣ್ಣು ಮುಚ್ಚಿ ಎಷ್ಟು ಹುಡುಕಿದರೂ ನನ್ನ ಬೆರಳಿಗೆ ಸಿಗುವುದು ನಾನು ಕುಟ್ಟಿದ ನೆಗ್ಗೇ. ಆಯಿಯ ತಂಬಿಗೆಯನ್ನು ನಾನು ಎರಡು ಸಲ ಕಳೆದೆ.