ಜಾಲಿಯಿಂದ ಬಂದ ರೇಡಿಯೋಗ್ರಾಮ್

ಆ ರೇಡಿಯೋಗ್ರಾಮ್ ನಮ್ಮ ಹೊನ್ನಾವರದ ಮನೆಗೆ ಬಂದದ್ದು ತೆಂಗಿನಕಾಯಿ ಸಾಗಿಸುವ ಟೆಂಪೋದಲ್ಲಿ. ಹಿಂದುಗಡೆ ಅದರ ಜೊತೆ ನಾನೂ ಕೂತಿದ್ದೆ, ಎರಡೂ ಕೈಯಲ್ಲಿ ಅದರ ಮುಚ್ಚಳ ಒತ್ತಿ ಹಿಡಿದುಕೊಂಡು. ಅಮ್ಮ ಮುಂದೆ, ಚಾಲಕನ ಪಕ್ಕ. ಮಂಕಿ ದಾಟುವವರೆಗೂ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಲುಗ್ತದ್ಯನೇ? ಗಟ್ಟಿ ಹಿಡ್ಕ" ಎಂದು ಕೂಗುತ್ತಲೇ ಇದ್ದಳು. ಐವತ್ತೆರಡು ವರ್ಷದ ಹೈಸ್ಕೂಲು ಅಕ್ಕೋರು ಟೆಂಪೋದ ಹಿಂದೆ ಕೂತು ಹೋಗುವುದನ್ನು ಕಂಡು ಕಾಸರಕೋಡಿನಲ್ಲಿ ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳು ಕೈ ಬೀಸಿದಳು. ನನಗೆ ಬೀಸಲು ಕೈ ಬಿಡುವಿರಲಿಲ್ಲ.

ರೇಡಿಯೋಗ್ರಾಮ್ ಎಂದರೆ ಸೊಂಟದೆತ್ತರದ ಮರದ ಪೆಟ್ಟಿಗೆ. ಮುಚ್ಚಳ ಎತ್ತಿದರೆ ಎಡಕ್ಕೆ ರೇಡಿಯೋ, ಬಲಕ್ಕೆ ರೆಕಾರ್ಡ್ ಚೇಂಜರ್. ಚೇಂಜರಿನ ನಡುವೆ ಉದ್ದನೆಯ ಉಕ್ಕಿನ ಕಡ್ಡಿ. ಅದಕ್ಕೆ ಆರು ರೆಕಾರ್ಡು ಪೋಣಿಸಿಟ್ಟರೆ ಒಂದು ಮುಗಿದ ಮೇಲೆ ಇನ್ನೊಂದು ತಾನಾಗಿ ಕೆಳಗೆ ಬೀಳುತ್ತದೆ, ಮುಳ್ಳಿನ ಕೈ ತಾನಾಗಿ ಎದ್ದು ಅದರ ಮೇಲೆ ಕೂರುತ್ತದೆ. ನಮಗೆ ಸಿಕ್ಕಾಗ ಅದು ಯಾವುದನ್ನೂ ಮಾಡುತ್ತಿರಲಿಲ್ಲ. ಒಳಗೆ ಕಣಜ ಮಣ್ಣುಗೂಡು ಕಟ್ಟಿತ್ತು, ಹಲ್ಲಿ ಮೊಟ್ಟೆ ಇಟ್ಟುಹೋಗಿತ್ತು. ಸಮುದ್ರದ ಗಾಳಿ ಕಬ್ಬಿಣವನ್ನೆಲ್ಲ ತಿಂದು ಕೆಂಪು ಹುಡಿ ಮಾಡಿತ್ತು.

ಕೊಟ್ಟವರು ಭಟ್ಕಳದ ಹತ್ತಿರದ ಜಾಲಿಯ ಬೀಬಿ. ಅಮ್ಮ ಅವರನ್ನು ಹಾಗೆಯೇ ಕರೆಯುತ್ತಿದ್ದಳು, ನಾನೂ. ಅಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿ ನಮ್ಮನ್ನು ಸಾಕಿದವಳು. ನಮ್ಮ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಕೊಂಕಣಿ, ಬೀಬಿಯವರ ಬಾಗಿಲಲ್ಲಿ ಅಲ್ಲಿನ ಮುಸ್ಲಿಮರ ಮಾತಾದ ನವಾಯತಿ ಆಡುತ್ತಿದ್ದಳು. ಮೂವತ್ತು ವರ್ಷ ಅದೇ ಬಾಗಿಲಿಗೆ ಹೋಗಿದ್ದಾಳೆ. ಆ ಹಳೇ ಮನೆ ಕೆಡವಿ ಹೊಸದು ಕಟ್ಟುತ್ತಾರೆಂದು ತಿಳಿದಾಗ, ಒಮ್ಮೆ ನೋಡಿಕೊಂಡು ಬರುವಾ ಎಂದು ಅಮ್ಮನೇ ನನ್ನನ್ನು ಹೊರಡಿಸಿದಳು. ಬೀಬಿಯವರು ಸಾಮಾನಿನ ರಾಶಿಯ ನಡುವೆ ಕೂತಿದ್ದರು. ಅಮ್ಮ ಮೂಲೆಯಲ್ಲಿದ್ದ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಅದನ್ನು ಕಂಡು ಬೀಬಿಯವರು, "ನಿನಗೆ ಬೇಕಾ ಬಾಯೀ? ತಗೊಂಡು ಹೋಗು. ಇಲ್ಲದಿದ್ದರೆ ಗುಜರಿಯವನು ಬರ್ತಾನೆ" ಎಂದರು.

"ಬೇಕು" ಎಂದಳು ಅಮ್ಮ. ಅಮ್ಮ ಯಾರ ಹತ್ತಿರವೂ ಏನನ್ನೂ ಬೇಕು ಎಂದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಯಾಕೆ ಬೇಕಾಗಿತ್ತು ಎಂಬುದು ನನಗೆ ಗೊತ್ತಿತ್ತು. ನಾನು ಎರಡನೇ ಇಯತ್ತೆಯಲ್ಲಿದ್ದಾಗ ಒಂದು ದಿನ, ಮಧ್ಯಾಹ್ನಕ್ಕೆ ಮುಂಚೆ, ಅಮ್ಮ ಮರಳ ಮೇಲೆ ಓಡಿಬಂದಳು. ತಲೆಯ ಮೇಲೆ ಬುಟ್ಟಿ ಇರಲಿಲ್ಲ. ಬುಟ್ಟಿಯಿಲ್ಲದ ಅಮ್ಮನನ್ನು ದಂಡೆಯಲ್ಲಿ ಯಾರೂ ಕಂಡಿರಲಿಲ್ಲ. ಅಪ್ಪ ಮತ್ತು ನಾಲ್ಕು ಜನ ದೋಣಿಯನ್ನು ನೀರಿಗೆ ತಳ್ಳುತ್ತಿದ್ದರು.

"ಹೋಗೂದು ಬ್ಯಾಡ. ಗಾಳಿ ಬತ್ತದಂತೆ. ರೇಡಿಯೋದಲ್ಲಿ ಹೇಳ್ರು."

ಅಪ್ಪ ಆಕಾಶ ನೋಡಿದರು. ಒಂದು ಮೋಡವಿರಲಿಲ್ಲ. "ಎಂತ ಗಾಳಿ ಮಾರಾಯ್ತಿ? ನೀ ಮೀನು ಮಾರೂಕೆ ಹೋದವಳೋ, ರೇಡಿಯೋ ಕೇಳೂಕೆ ಹೋದವಳೋ?"

ಉಳಿದವರು ನಕ್ಕರು. ಅಮ್ಮ ಸೀರೆ ಎತ್ತಿ ಕಟ್ಟಿ ದೋಣಿ ಹತ್ತಿ ನಡುವೆ ಕೂತುಬಿಟ್ಟಳು. "ನನ್ನನ್ನೂ ಕರ್ಕಂಡು ಹೋಗಿ ಹಾಂಗಾದ್ರೆ." ಹೆಂಗಸನ್ನು ಕೂರಿಸಿಕೊಂಡು ಯಾರೂ ಮೀನಿಗೆ ಹೋಗುವುದಿಲ್ಲ. ಬೈದರು, ಬೇಡಿಕೊಂಡರು, ಕೊನೆಗೆ ಸಿಟ್ಟಿನಿಂದ ಬಲೆ ಇಳಿಸಿದರು. ಸಂಜೆಗೆ ಗಾಳಿ ಎದ್ದಿತು. ಮರುದಿನವೂ ಇಳಿಯಲಿಲ್ಲ. ಬೇರೆ ದಂಡೆಯಿಂದ ಹೋಗಿದ್ದ ಒಂದು ದೋಣಿ ಮೂರನೇ ದಿನ ಸಿಕ್ಕಿತು, ಜನ ಸಿಗಲಿಲ್ಲ. ಅಪ್ಪ ಅದಾದ ಮೇಲೆ ಮೂವತ್ತೆಂಟು ವರ್ಷ ಬದುಕಿದರು. ನನ್ನ ಮದುವೆ ನೋಡಿದರು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಲೆ ನೇಯುವುದು ಕಲಿಸಿದರು, ನಿದ್ದೆಯಲ್ಲಿ ತೀರಿಕೊಂಡರು.

ಆ ದಿನ ಬೀಬಿಯವರ ಮನೆಯಲ್ಲಿ ರೇಡಿಯೋ ಹಾಡುತ್ತಿತ್ತು. ಮೀನುಗಾರರಿಗೆ ಎಚ್ಚರಿಕೆ ಎಂಬ ಮಾತು ಬಂದ ಕೂಡಲೇ ಬೀಬಿಯವರು ದನಿ ಜೋರು ಮಾಡಿ, ಕಿಟಕಿ ತೆರೆದು, "ಬಾಯೀ, ಇದು ನಿಮಗೆ" ಎಂದರಂತೆ.

ಇಷ್ಟು ಋಣವಿದ್ದ ಪೆಟ್ಟಿಗೆ ನಮ್ಮ ನಡುಮನೆಯಲ್ಲಿ ಮೂಕವಾಗಿ ನಿಂತಿತು. ಹೊನ್ನಾವರದ ಟಿವಿ ರಿಪೇರಿಯವನು ಮುಚ್ಚಳ ಎತ್ತಿ ನೋಡಿ, "ಇದು ನಾ ಹುಟ್ಟೂಕಿಂತ ಮೊದಲಿಂದು. ಕುಮಟೆಲೊಬ್ರು ಇದ್ರು, ಅವ್ರಿಗೆ ಕೇಳಿ" ಎಂದು ವಿಳಾಸ ಹೇಳಿದ.

ಕುಮಟೆಯ ಆ ಹಿರಿಯರು ಮೂಲತಃ ಅಡಿಕೆ ತೋಟದ ಹವ್ಯಕ ಬ್ರಾಹ್ಮಣರ ಮನೆಯವರು. ನಲವತ್ತು ವರ್ಷ ಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟು ಮುಚ್ಚಿದವರು. ನನ್ನ ಮಾತನ್ನೆಲ್ಲ ಕೇಳಿ ತಮ್ಮ ಎರಡೂ ಕೈ ಮುಂದೆ ಚಾಚಿದರು. ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿದ್ದವು. "ನೋಡಿ ಅಕ್ಕೋರೆ. ಈ ಕೈಯಲ್ಲಿ ಚಾ ಕುಡಿಯೂದೇ ಕಷ್ಟ. ನೀವು ಮಾಡೂದಾದ್ರೆ ಹೇಳಿಕೊಡ್ತೆ."

"ನಾನಾ?"

"ಶಾಲೆಲಿ ಎಂತ ಕಲಿಸ್ತ್ರಿ?"

"ವಿಜ್ಞಾನ."

"ಕರೆಂಟಿನ ಪಾಠ ಮಾಡ್ತ್ರಿ ಅಲ್ದಾ? ಇನ್ನು ನೀವೇ ಕಲೀರಿ."

ಹೀಗೆ ನಾನು ಭಾನುವಾರದ ವಿದ್ಯಾರ್ಥಿನಿಯಾದೆ. ರೇಡಿಯೋದ ಒಳಭಾಗವನ್ನು, ತಂತಿ, ಗಾಜಿನ ವಾಲ್ವುಗಳಿದ್ದ ಕಬ್ಬಿಣದ ತಟ್ಟೆಯನ್ನು, ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಬಸ್ಸು ಹತ್ತುತ್ತಿದ್ದೆ. ಹಳದೀಪುರದಲ್ಲಿ ಇಳಿಯಬೇಕಿದ್ದ ಒಬ್ಬರು ಅದನ್ನು ಮಗು ಎಂದುಕೊಂಡು ಸೀಟು ಬಿಟ್ಟುಕೊಟ್ಟದ್ದೂ ಇದೆ.

ಇಪ್ಪತ್ತೆಂಟು ವರ್ಷ ಕಪ್ಪುಹಲಗೆಯ ಮೇಲೆ ಕೆಪಾಸಿಟರಿನ ಚಿತ್ರ ಬರೆದಿದ್ದೆ, ಎರಡು ಸಮಾನಾಂತರ ಗೆರೆ. ಮುಟ್ಟಿದ್ದು ಮೊದಲ ಸಲ. ಒಳಗಿನ ಕಾಗದದ ಕೆಪಾಸಿಟರುಗಳೆಲ್ಲ ಮೇಣ ಸುರಿಸಿ ಸತ್ತಿದ್ದವು. ಗುರುಗಳ ಕಟ್ಟಪ್ಪಣೆ: ಒಂದು ತೆಗೆಯಬೇಕು, ಒಂದು ಹಾಕಬೇಕು. ಎರಡು ಒಟ್ಟಿಗೆ ತೆಗೆಯಬಾರದು. ನನ್ನ ಬೆಸುಗೆಗಳು ಮೊದಲು ಬೆಲ್ಲದ ಉಂಡೆಗಳ ಹಾಗೆ ಬಂದವು. ಅವರು ಕಣ್ಣು ಕಿರಿದು ಮಾಡಿ ನೋಡಿ, "ತೆಗೀರಿ, ಮತ್ತೆ ಮಾಡಿ" ಎನ್ನುತ್ತಿದ್ದರು. ಹೆಬ್ಬೆರಳು ಎರಡು ಸಲ ಸುಟ್ಟಿತು. ಅವರ ಹೆಂಡತಿ ಲೋಳೆಸರದ ತುಂಡು ಕತ್ತರಿಸಿ ತಂದು ತಾವೇ ಹಚ್ಚಿದರು. ಮೂರನೇ ಭಾನುವಾರ, ನಾನು ಯಾರ ಮಗಳು, ನಮ್ಮದು ಎಂತ ಕಸುಬು ಎಂದೆಲ್ಲ ಕೇಳಿ ತಿಳಿದುಕೊಂಡವರು, "ಊಟಕ್ಕೆ ಒಳಗೇ ಬಾ" ಎಂದು ಅಡುಗೆಮನೆಯಲ್ಲಿ ತಮ್ಮ ಪಕ್ಕವೇ ಎಲೆ ಹಾಕಿದರು. ಅಮ್ಮನಿಗೆ ಅದನ್ನು ಹೇಳಿದಾಗ, "ಅಡುಗೆಮನೆ ಒಳಗೇ?" ಎಂದು ಎರಡೆರಡು ಸಲ ಕೇಳಿದಳು.

ಗುರುಗಳು ಒಂದು ಮಾತು ಮೊದಲ ದಿನವೇ ಹೇಳಿದ್ದರು. ಕರೆಂಟು ಕೊಡುವ ಮೊದಲು ಸಾಲಿನಲ್ಲಿ ಒಂದು ಹಳೇ ಬಲ್ಬು ಸೇರಿಸಬೇಕು. ಒಳಗೆ ದೋಷವಿದ್ದರೆ ಬಲ್ಬು ಪ್ರಖರವಾಗಿ ಉರಿದು ತಿಳಿಸುತ್ತದೆ, ರೇಡಿಯೋ ಉಳಿಯುತ್ತದೆ. ಒಂದು ಬುಧವಾರ ಶಾಲೆ ಮುಗಿಸಿ ಬಂದಾಗ ಅಮ್ಮ ಕೇಳಿದಳು, "ಯಾವಾಗ ಮಾತಾಡ್ತದೆ ಅದು? ನಾ ಇರೂವಾಗ್ಲೇ ಆಗ್ತದ್ಯಾ?" ಆ ಮಾತಿಗೆ ಮನಸ್ಸು ಸೋತಿತು. ಬಲ್ಬು ಹುಡುಕುವ ತಾಳ್ಮೆ ಇರಲಿಲ್ಲ. ನೇರ ಪ್ಲಗ್ಗಿಗೇ ಹಾಕಿದೆ.

ಮೊದಲು ಗುಂಯ್ ಎಂದಿತು. ಆಮೇಲೆ ಸುಟ್ಟ ವಾರ್ನಿಶಿನ ವಾಸನೆ. ಪ್ಲಗ್ಗು ಕೀಳುವಷ್ಟರಲ್ಲಿ ಟ್ರಾನ್ಸ್‌ಫಾರ್ಮರಿನಿಂದ ಹೊಗೆ ಎದ್ದಿತ್ತು. ನನ್ನ ಗಂಡ ಕಿಟಕಿಗಳನ್ನೆಲ್ಲ ತೆರೆದರು. ಅಮ್ಮ, "ಆತಲ, ನಾ ಕೇಳ್ಬಾರದಾಗಿತ್ತು" ಎಂದು ಒಳಗೆ ಹೋದಳು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ.

ಆ ಭಾನುವಾರ ಕುಮಟೆಗೆ ಹೋಗುವುದೋ ಬೇಡವೋ ಎಂದಾಯಿತು. ಹೋದೆ. ನಡೆದದ್ದನ್ನು ಮುಚ್ಚದೆ ಹೇಳಿದೆ. ಗುರುಗಳು ಎದ್ದು, ಗೋಡೆಯ ಕಪಾಟಿನಿಂದ ನಡುಗುವ ಕೈಯಲ್ಲಿ ಒಂದು ಕಪ್ಪು ಕಬ್ಬಿಣದ ಗಟ್ಟಿ ತಂದು ಮೇಜಿನ ಮೇಲಿಟ್ಟರು. ಅದೂ ಸುಟ್ಟ ಟ್ರಾನ್ಸ್‌ಫಾರ್ಮರು.

"ಇದು ನಾ ಸುಟ್ಟ ಮೊದಲನೇದು. ಅಂಗಡಿ ತೆರೆದ ಮೂರನೇ ದಿನ. ಬಿಸಾಡಿದ್ನಿಲ್ಲೆ. ನಿಂದೂ ಬಿಸಾಡಡ ತಂಗೀ. ಅದನ್ನ ಮತ್ತೆ ಸುತ್ತಲೆ ಬತ್ತು."

ಅಲ್ಲಿಯವರೆಗೆ ನಾನು ಅವರಿಗೆ ಅಕ್ಕೋರು ಆಗಿದ್ದೆ. ಮನೆಯವರೊಡನೆ ಆಡುವ ಮಾತನ್ನು ನನ್ನೊಡನೆ ಆಡಿರಲಿಲ್ಲ. ಸುಟ್ಟು ಹಾಕಿದ ದಿನ ತಂಗಿಯಾದೆ.

ಹೊನ್ನಾವರದಲ್ಲಿ ಪಂಪ್‌ಸೆಟ್ಟಿನ ಮೋಟಾರು ಸುತ್ತುವವರೊಬ್ಬರಿದ್ದಾರೆ. ಇಷ್ಟು ಸಣ್ಣದನ್ನು ಅವರು ಸುತ್ತಿರಲಿಲ್ಲ. ಕರಕಲಾದ ತಂತಿಯನ್ನು ಒಂದೊಂದೇ ಸುತ್ತು ಬಿಚ್ಚಿ, ಎಷ್ಟು ಸುತ್ತಿತ್ತೋ ಅಷ್ಟೇ ಹೊಸ ತಂತಿಯನ್ನು ಕೈಯಲ್ಲೇ ಸುತ್ತಿದರು. ಮೂರು ವಾರ ಹಿಡಿಯಿತು. ನಡುವೆ ಯಾರಾದರೂ ಮಾತಾಡಿಸಿ ಲೆಕ್ಕ ತಪ್ಪಿದರೆ ಪೂರ್ತಿ ಬಿಚ್ಚಿ ಮೊದಲಿನಿಂದ ಸುತ್ತುತ್ತಿದ್ದರು. ನಾನು ಬಾಗಿಲಲ್ಲಿ ಕಂಡರೆ ತುಟಿಯ ಮೇಲೆ ಬೆರಳಿಡುತ್ತಿದ್ದರು.

ಅಷ್ಟರಲ್ಲಿ ನಾನು ಚೇಂಜರಿಗೆ ಕೈ ಹಾಕಿದೆ. ಹಳೇ ಗ್ರೀಸು ಹಲಸಿನ ಮೇಣದ ಹಾಗೆ ಅಂಟಿಕೊಂಡಿತ್ತು. ಪ್ರತಿ ತುಂಡನ್ನೂ ಸೀಮೆಎಣ್ಣೆಯಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಬಿಚ್ಚುವಾಗ ಮೊಬೈಲಿನಲ್ಲಿ ತೆಗೆದ ಫೋಟೋ ನೋಡಿ ಮತ್ತೆ ಜೋಡಿಸಿದೆ. ಎಲ್ಲ ಸರಿಹೋಗಿ, ರೆಕಾರ್ಡಿನ ತಟ್ಟೆ ತಿರುಗಿಸುವ ಪುಟ್ಟ ಚಕ್ರದ ರಬ್ಬರು ಮಾತ್ರ ಕಲ್ಲಾಗಿ ಜಾರುತ್ತಿತ್ತು. ಅಂಥ ರಬ್ಬರು ಈಗ ಎಲ್ಲೂ ಇಲ್ಲ. ಭಟ್ಕಳದ ಬಂದರಿನಲ್ಲಿ ಬೋಟಿನ ಎಂಜಿನ್ ನೋಡಿಕೊಳ್ಳುವ ನನ್ನ ತಮ್ಮ ಚಕ್ರವನ್ನು ಜೇಬಿಗೆ ಹಾಕಿಕೊಂಡು ಹೋದ. ಎರಡು ದಿನ ಬಿಟ್ಟು, ಎಂಜಿನ್ನಿಗೆ ಎಣ್ಣೆ ಸೋರದಂತೆ ಹಾಕುವ ರಬ್ಬರ್ ಬಳೆಗಳ ಸರವನ್ನೇ ತಂದ. ಒಂಬತ್ತನೆಯದು ಕೂತಿತು. "ಅಪ್ಪ ಇದ್ದಿದ್ರೆ ನಗಾಡ್ತಿದ್ರು. ಬೋಟಿನ ಸಾಮಾನಲ್ಲಿ ಹಾಡು ಬರ್ಸೂದು ಅಂದ್ಕಂಡು" ಎಂದ.

ಉಳಿದಿದ್ದ ಸತ್ತ ಕೆಪಾಸಿಟರುಗಳನ್ನೂ ಬದಲಿಸಿ, ಹೊಸದಾಗಿ ಸುತ್ತಿದ ಟ್ರಾನ್ಸ್‌ಫಾರ್ಮರು ಕೂರಿಸಿ ಕುಮಟೆಗೆ ಒಯ್ದ ಭಾನುವಾರ ಮೋಡ ಮುಸುಕಿತ್ತು. ಈ ಸಲ ಬಲ್ಬು ಸಾಲಿನಲ್ಲಿತ್ತು. ಸ್ವಿಚ್ ಒತ್ತಿದೆ. ಬಲ್ಬು ಒಮ್ಮೆ ಉರಿದು ಮಂಕಾಯಿತು. ವಾಲ್ವುಗಳು ಒಂದೊಂದಾಗಿ ಕಿತ್ತಳೆ ಬಣ್ಣಕ್ಕೆ ತಿರುಗಿದವು. ಗುರುಗಳು ಕಣ್ಣು ಮುಚ್ಚಿ ಸ್ಪೀಕರಿಗೆ ಕಿವಿ ಹಚ್ಚಿದರು. ನನಗೆ ಕೇಳಿಸಿದ್ದು ಬರೀ ಚರಚರ.

"ಏ, ಆ ಹೊಸ ಬಲ್ಬು ಆರ್ಸೇ!" ಎಂದು ಒಳಗೆ ಕೂಗಿದರು. ಎಲ್‌ಇಡಿ ದೀಪ ಆರಿದ ಕ್ಷಣ ಚರಚರ ಅರ್ಧಕ್ಕೆ ಇಳಿಯಿತು. "ಈಗ ತಿರುಗ್ಸು ತಂಗೀ. ನಿಧಾನ." ಸೂಜಿ ಗಾಜಿನ ಮೇಲಿನ ಊರುಗಳ ಹೆಸರು ದಾಟುತ್ತ ಹೋಯಿತು. ಒಂದು ಕಡೆ ಹೆಂಗಸಿನ ದನಿ ಬಂತು, ಕನ್ನಡ, ಬದನೆ ಗಿಡದ ಕಾಂಡಕೊರಕ ಹುಳದ ಬಗ್ಗೆ ಏನೋ ಹೇಳುತ್ತಿದ್ದರು.

"ಧಾರವಾಡ" ಎಂದರು ಗುರುಗಳು. ಅವರ ಕಣ್ಣು ತುಂಬಿತ್ತು. "ಕೈ ಹೋದ್ರೂ ಕಿವಿ ಇದ್ದು, ಅಲ್ದಾ?"

ಹುಳದ ಔಷಧಿಯ ವಿವರ ಮುಗಿಯುವವರೆಗೆ ಒಳಗಿಂದ ಬಂದ ಅವರ ಹೆಂಡತಿಯೂ ಸೇರಿ ಮೂವರೂ ಕದಲದೆ ಕೇಳಿದೆವು. ಅಷ್ಟು ಗಮನವಿಟ್ಟು ನಾನು ಯಾವ ಸಂಗೀತವನ್ನೂ ಕೇಳಿಲ್ಲ.

ಎಲ್ಲ ಜೋಡಿಸಿ, ಮರಕ್ಕೆ ಎಣ್ಣೆ ಉಜ್ಜಿ, ಬೀಬಿಯವರನ್ನು ಕರೆದೆವು. ಸೊಸೆಯೊಡನೆ ಕಾರಿನಲ್ಲಿ ಬಂದರು. ಜತೆಗೆ ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟು ರೆಕಾರ್ಡು. ಅವರೇ ಕಡ್ಡಿಗೆ ನಾಲ್ಕು ಪೋಣಿಸಿದರು. ಬೆರಳುಗಳಿಗೆ ಅಭ್ಯಾಸ ಮರೆತಿರಲಿಲ್ಲ. ಮೊದಲನೆಯದು ಮುಗಿಯಿತು, ಮುಳ್ಳಿನ ಕೈ ಎದ್ದು ಪಕ್ಕಕ್ಕೆ ಸರಿಯಿತು, ಎರಡನೆಯದು ಟಪ್ ಎಂದು ಬಿತ್ತು. ಅಮ್ಮ ಬೆಚ್ಚಿಬಿದ್ದಳು.

"ಇದು ತಾನೇ ಬೀಳ್ತದ್ಯಾ? ನಾ ಇಷ್ಟು ವರ್ಷ, ನೀವೇ ಎದ್ದೆದ್ದು ಹಾಡು ಬದಲು ಮಾಡ್ತ್ರಿ ಅಂದ್ಕಂಡಿದ್ದೆ!"

ಮೂವತ್ತು ವರ್ಷ ಅವಳು ಕೇಳಿದ್ದು ಕಿಟಕಿಯಾಚೆಯಿಂದ. ಒಳಗೆ ಬಂದು ನೋಡಿರಲಿಲ್ಲ. ಬೀಬಿಯವರು ನಗುತ್ತ ಅಮ್ಮನನ್ನು ಎಳೆದು ಪೆಟ್ಟಿಗೆಯ ಹತ್ತಿರ ನಿಲ್ಲಿಸಿದರು. ಮೂರನೆಯದು ಬೀಳುವುದನ್ನು ಇಬ್ಬರೂ ಬಗ್ಗಿ ನೋಡಿದರು.

ಆಗ ಅಮ್ಮ ಆ ಗಾಳಿಯ ದಿನದ ಮಾತು ತೆಗೆದಳು. ಅವತ್ತು ನೀವು ಕಿಟಕಿ ತೆರೆಯದಿದ್ದರೆ ನನ್ನ ಮನೆ ಉಳಿಯುತ್ತಿರಲಿಲ್ಲ ಎಂದಳು. ನವಾಯತಿಯಲ್ಲಿ ಶುರುಮಾಡಿದವಳು ಅರ್ಧಕ್ಕೆ ಕನ್ನಡಕ್ಕೆ ಬಂದಳು. ಬೀಬಿಯವರು ಹುಬ್ಬು ಗಂಟಿಕ್ಕಿ ಯೋಚಿಸಿದರು.

"ನನಗೆ ನೆನಪೇ ಇಲ್ಲ ಬಾಯೀ. ನಿಜ ಹೇಳ್ತೇನೆ. ದಿನಾ ಜೋರು ಮಾಡ್ತಿದ್ದೆ, ನೀವು ಕೇಳಲಿ ಅಂತ. ಯಾವ ದಿನ ಎಂತ ಆಯ್ತು, ನನಗೆ ಹೇಗೆ ಗೊತ್ತಾಗಬೇಕು?"

ಅಮ್ಮ ಅವರ ಕೈ ಹಿಡಿದುಕೊಂಡಳು. ಒಂದು ದಿನದ ಉಪಕಾರಕ್ಕೆ ಕೃತಜ್ಞಳಾಗಿದ್ದವಳಿಗೆ ಅದು ದಿನನಿತ್ಯದ್ದು ಎಂದು ತಿಳಿದ ಗಳಿಗೆ ಅದು. ನಾನು ಚಾ ಮಾಡುವ ನೆಪದಲ್ಲಿ ಒಳಗೆ ಹೋದೆ.

ನಿಮ್ಮ ಹೊಸ ಮನೆಯಲ್ಲಿ ಈಗ ಜಾಗವಿದೆ, ಬೇಕಿದ್ದರೆ ವಾಪಸು ಒಯ್ಯಿರಿ ಎಂದು ನಾನು ಹೇಳಿದೆ. ಸೊಸೆ ಆಸೆಯಿಂದ ಅತ್ತೆಯ ಮುಖ ನೋಡಿದರು. ಬೀಬಿಯವರು ತಲೆ ಅಲ್ಲಾಡಿಸಿದರು. "ಇಲ್ಲೇ ಇರಲಿ. ಕೇಳಬೇಕು ಅನ್ನಿಸಿದರೆ ಬರ್ತೇನೆ. ಬರಲಿಕ್ಕೆ ಒಂದು ಕಾರಣ ಬೇಡವಾ?" ಆಮೇಲೆ ಮೂರು ಸಲ ಬಂದಿದ್ದಾರೆ. ಎರಡು ಸಲ ಪೆಟ್ಟಿಗೆಯ ಮುಚ್ಚಳ ಎತ್ತಲೇ ಇಲ್ಲ. ಅಮ್ಮನೂ ಅವರೂ ಜಗಲಿಯಲ್ಲಿ ಕೂತು ಯಾವ ಮೀನನ್ನು ಈಗಿನವರಿಗೆ ಸಾರು ಮಾಡಲು ಬರುವುದಿಲ್ಲ ಎಂದು ಪಟ್ಟಿ ಮಾಡುತ್ತಿದ್ದರು.

ಕುಮಟೆಯ ಭಾನುವಾರಗಳು ನಿಂತಿಲ್ಲ. ಹೋದ ತಿಂಗಳು ಗುರುಗಳು ಫೋನ್ ಮಾಡಿ, "ಮಂಕಿಯಿಂದ ಒಬ್ರು ಹಳೇ ರೇಡಿಯೋ ತಂದಿಟ್ಟು ಹೋಯ್ದ್ರು. ನನ್ನ ಶಿಷ್ಯೆ ಮಾಡ್ತು ಹೇಳಿದ್ದೆ. ಬತ್ಯಾ?" ಎಂದರು. ಬೆಸುಗೆ ಕಡ್ಡಿ ಚೀಲಕ್ಕೆ ಹಾಕಿಕೊಂಡು ಮೊದಲ ಬಸ್ಸಿಗೇ ಹೊರಟೆ.